ಪಾಯಿಂಟ್ ಅನ್ನೋದು ಕೊಸರು: ನಿವೃತ್ತರು ವಿಮಾನ ಆರಿಸುವ ಬಗೆ

ತುಮಕೂರಿನ ಅಮಾನಿಕೆರೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಗುಂಪಿನಲ್ಲಿ ಎಂಟು ಜನ ಇದ್ದೇವೆ. ಎಲ್ಲರೂ ಅರವತ್ತು ದಾಟಿದವರು. ಹೆಚ್ಚಿನವರ ಮಕ್ಕಳು ಹೊರಗಿದ್ದಾರೆ. ಕೆಲವರು ದೆಹಲಿ, ಪುಣೆ; ಕೆಲವರು ದುಬೈ, ಅಮೆರಿಕ. ಮಾತು ಮಂಡಿನೋವಿನಿಂದ ಶುರುವಾಗಿ ಕೊನೆಗೆ ವಿಮಾನದ ಟಿಕೆಟ್‌ಗೆ ಬಂದು ನಿಲ್ಲುತ್ತದೆ. ಮೊನ್ನೆ ಒಬ್ಬರು ಕೇಳಿದರು: "ಅಕ್ಕಾ, ಯಾವ ಏರ್‌ಲೈನ್ ಒಳ್ಳೇದು? ಈ ಪಾಯಿಂಟು ಗೀಯಿಂಟು ಅಂತಾರಲ್ಲ, ಅದಕ್ಕೆ ಸೇರ್ಕೋಬೇಕಾ?"

ನಾನು ಮೂವತ್ತೊಂದು ವರ್ಷ ಅಂಚೆ ಕಚೇರಿಯ ಉಳಿತಾಯ ಕೌಂಟರಿನಲ್ಲಿ ಕೂತವಳು. ಯಾರಾದರೂ ದುಡ್ಡಿನ ಬಗ್ಗೆ ಕೇಳಿದರೆ ಕಾಗದ ತೆಗೆದು ಲೆಕ್ಕ ಹಾಕಿ ತೋರಿಸದೆ ಸಮಾಧಾನ ಇಲ್ಲ. ಆವತ್ತು ಬೆಂಚಿನ ಮೇಲೆ ಕೂತು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಎರಡು ಕೆ.ಜಿ. ಹುರುಳಿಕಾಯಿ ತಗೊಂಡರೆ ಮಾರುವಾಕೆ ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಕೊಸರು ಹಾಕುತ್ತಾಳೆ. ಕೊಟ್ಟರೆ ಸಂತೋಷ, ತಪ್ಪದೆ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಆದರೆ ಕೊಸರು ಜಾಸ್ತಿ ಕೊಡುತ್ತಾಳೆ ಅಂತ ಬಲಿತ ಹುರುಳಿಕಾಯಿ ಕೊಳ್ಳುವುದಿಲ್ಲ ಅಲ್ವಾ? ಹಾರಿದ್ದಕ್ಕೆ ಏರ್‌ಲೈನ್ ನಮ್ಮ ಖಾತೆಗೆ ಹಾಕುವ, ಮುಂದೆ ಟಿಕೆಟ್ ಕೊಳ್ಳಲು ಬಳಸಬಹುದಾದ ಪಾಯಿಂಟೂ ಅಷ್ಟೇ. ಬರುವುದನ್ನು ಒಂದೂ ಬಿಡಬೇಡಿ. ಅದಕ್ಕೋಸ್ಕರ ವಿಮಾನ ಆರಿಸಬೇಡಿ.

ಮೊದಲು ಒಂದು ಪುಟದ ಲೆಕ್ಕ

ಹೋದ ಎರಡು ವರ್ಷದಲ್ಲಿ ಎಷ್ಟು ಸಲ ವಿಮಾನ ಹತ್ತಿದಿರಿ, ಎಲ್ಲಿಗೆ, ಟಿಕೆಟ್ ಯಾರು ಕೊಂಡರು ಅಂತ ಒಂದು ಪುಟದಲ್ಲಿ ಬರೆಯಿರಿ. ಮುಂದಿನ ವರ್ಷ ಏನು ಅಂದುಕೊಂಡಿದ್ದೀರಿ, ಕಾಶಿಯೋ, ಅಯೋಧ್ಯೆಯೋ, ಮಗಳ ಬಾಣಂತನವೋ, ಅದನ್ನೂ ಬರೆಯಿರಿ. ನಮ್ಮಂಥವರ ಪುಟದಲ್ಲಿ ವರ್ಷಕ್ಕೆ ಎರಡೋ ಮೂರೋ ಸಾಲು ಇರುತ್ತದೆ. ಏರ್‌ಲೈನುಗಳು ಕೊಡುವ ಸಿಲ್ವರ್, ಗೋಲ್ಡ್ ದರ್ಜೆಗಳು ವಾರ ವಾರ ಹಾರುವ ಕಂಪನಿ ಕೆಲಸದವರಿಗಾಗಿ ಮಾಡಿದ್ದು. ವರ್ಷಕ್ಕೆ ಎರಡು ಸಲ ಹೋಗುವವರು ಅದರ ಆಸೆ ಬಿಟ್ಟರೆ ಅರ್ಧ ತಲೆಬಿಸಿ ಕಡಿಮೆ.

ಮನೆ ಬಾಗಿಲಿನಿಂದ ಗಂಟೆ ಎಣಿಸಿ

ಎಲ್ಲರೂ ಮೊದಲು ದರ ನೋಡುತ್ತಾರೆ. ನಾನು ಮೊದಲು ಗಡಿಯಾರ ನೋಡುತ್ತೇನೆ.

ತುಮಕೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣ ಎಂಬತ್ತು ಕಿಲೋಮೀಟರ್ ಆಸುಪಾಸು. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿಕೊಂಡು ಹೋದರೆ ಟ್ರಾಫಿಕ್ ಎಷ್ಟು ಹೊತ್ತು ನಿಲ್ಲಿಸುತ್ತದೋ ದೇವರೇ ಬಲ್ಲ. ನಾವು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗುತ್ತೇವೆ. ಬೆಂಗಳೂರು ಊರೊಳಗೆ ಕಾಲೇ ಇಡಬೇಕಾಗಿಲ್ಲ. ಆದರೂ ದಾರಿಗೆ ಎರಡು ಗಂಟೆ ಇಟ್ಟುಕೊಳ್ಳಿ.

ಈಗ ಬೆಳಿಗ್ಗೆ ಆರು ಗಂಟೆಯ ವಿಮಾನ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತು ಅಂದುಕೊಳ್ಳಿ. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮುಂಚೆ, ಅಂದರೆ ನಾಲ್ಕಕ್ಕೆ ಅಲ್ಲಿರಬೇಕು. ಮನೆ ಬಿಡುವುದು ರಾತ್ರಿ ಎರಡಕ್ಕೆ. ಏಳುವುದು ಒಂದಕ್ಕೆ. ಆವತ್ತು ನಿದ್ದೆ ಇಲ್ಲ, ಬಿ.ಪಿ. ಮಾತ್ರೆಯ ಹೊತ್ತು ತಪ್ಪುತ್ತದೆ, ಕಾರು ಓಡಿಸುವ ಹುಡುಗನ ಕಣ್ಣೂ ಎಳೆಯುತ್ತಿರುತ್ತದೆ. ಅದು ನನಗೆ ಎಲ್ಲಕ್ಕಿಂತ ದೊಡ್ಡ ಭಯ. ಹನ್ನೊಂದು ಗಂಟೆಯ ವಿಮಾನವಾದರೆ ಆರೂವರೆಗೆ ಕಾಫಿ ಕುಡಿದು ಹೊರಟರೂ ಸಾಕು. ಆ ಸಾವಿರ ರೂಪಾಯಿ ಖಂಡಿತ ಕೊಡಿ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ದೇವನಹಳ್ಳಿ ಕಡೆ ಮುಂಜಾನೆ ದಟ್ಟ ಮಂಜು. ದೆಹಲಿಯಲ್ಲಿ ಅದಕ್ಕಿಂತ ಜಾಸ್ತಿ. ಆ ಎರಡು ತಿಂಗಳು ಉತ್ತರಕ್ಕೆ ಹೋಗುವುದಾದರೆ ಮಧ್ಯಾಹ್ನ ಇಳಿಯುವ ವಿಮಾನವನ್ನೇ ಹುಡುಕಿ.

ವಾಪಸ್ ಬರುವ ಹೊತ್ತನ್ನೂ ಮರೆಯಬೇಡಿ. ರಾತ್ರಿ ಹನ್ನೊಂದೂವರೆಗೆ ಇಳಿದರೆ ಮನೆ ಸೇರುವಾಗ ಎರಡೂವರೆ. ಜೊತೆಗೆ ಟಿಕೆಟ್ ಮೇಲೆ ಟಿ1 (ಟರ್ಮಿನಲ್ 1) ಇದೆಯೋ ಟಿ2 ಇದೆಯೋ ನೋಡಿ ಡ್ರೈವರ್‌ಗೆ ಮೊದಲೇ ಹೇಳಿ. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಟಿ2ಗೆ ಹೋಗಿವೆ.

ನೇರ ವಿಮಾನ, ಇಲ್ಲವೇ ಒಂದೇ ಟಿಕೆಟ್

ನೇರವಾಗಿ ಹೋಗುವ ವಿಮಾನ ಇದ್ದರೆ ಅದೇ. ಇಲ್ಲದಿದ್ದರೆ ಒಂದು ಕಡೆ ಮಾತ್ರ ಬದಲಾಯಿಸುವಂಥದ್ದು, ಪೂರ್ತಿ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರುವಂಥದ್ದು. ಇದನ್ನು ನಾವು ದುಡ್ಡು ಕೊಟ್ಟು ಕಲಿತೆವು.

ಮಗಳು ಚಿಕಾಗೋ ಹತ್ತಿರ ಇದ್ದಾಳೆ. ಮೊದಲ ಸಲ ಹೋಗುವಾಗ ಬೆಂಗಳೂರಿನಿಂದ ದೆಹಲಿಗೆ ಒಂದು ಕಂಪನಿಯ ಟಿಕೆಟ್, ದೆಹಲಿಯಿಂದ ಮುಂದಕ್ಕೆ ಇನ್ನೊಂದು ಕಂಪನಿಯದು. ಬೇರೆ ಬೇರೆ ಕೊಂಡರೆ ಹದಿನಾಲ್ಕು ಸಾವಿರ ಉಳಿಯುತ್ತದೆ ಅಂತ ಕಂಡಿತ್ತು. ಮೊದಲ ವಿಮಾನ ಎರಡೂವರೆ ಗಂಟೆ ತಡವಾಯಿತು. ದೆಹಲಿಯಲ್ಲಿ ಇಳಿದು, ನಾಲ್ಕು ಪೆಟ್ಟಿಗೆ ಬೆಲ್ಟಿನಿಂದ ಎಳೆದುಕೊಂಡು, ಬಸ್ಸಿನಲ್ಲಿ ಇನ್ನೊಂದು ಟರ್ಮಿನಲ್‌ಗೆ ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಯಜಮಾನರು ಟ್ರಾಲಿಯ ಹಿಡಿ ಬಿಡದೆ ಸುಮ್ನೆ ನಿಂತಿದ್ದರು. ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಎರಡು ಟಿಕೆಟ್ ಬೇರೆ ಬೇರೆ, ಹಾಗಾಗಿ ನಮ್ಮ ಜವಾಬ್ದಾರಿ ಅಲ್ಲ ಅಂತ ಎರಡೂ ಕಂಪನಿಯವರು ಹೇಳಿದರು. ನಿಯಮದ ಪ್ರಕಾರ ಅವರ ಮಾತು ಸರಿ. ಮಗಳು ಹೊಸ ಟಿಕೆಟ್ ಕೊಂಡಳು.

ಒಂದೇ ಪಿಎನ್‌ಆರ್ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಹೊಣೆ. ಪೆಟ್ಟಿಗೆಯೂ ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕೊಟ್ಟರೆ ಕೊನೆಯ ಊರಿನ ಟ್ಯಾಗ್ ಹಾಕಿಕೊಂಡು ಹೋಗುತ್ತದೆ. ತೂಕದ ತೊಡಕೂ ಇರುವುದಿಲ್ಲ. ಅಮೆರಿಕಕ್ಕೆ ಹೋಗುವ ಬಹಳಷ್ಟು ಟಿಕೆಟ್‌ಗಳಲ್ಲಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತಾರೆ. ದೇಶದೊಳಗಿನ ಮಾಮೂಲಿ ಟಿಕೆಟ್‌ನಲ್ಲಿ 15 ಕೆ.ಜಿ. ಅಷ್ಟೇ. ಬೇರೆ ಬೇರೆ ಕೊಂಡರೆ ಬೆಂಗಳೂರಿನಲ್ಲೇ ಜಾಸ್ತಿ ತೂಕಕ್ಕೆ ದುಡ್ಡು ಕಟ್ಟಬೇಕು. ಆ ಹದಿನಾಲ್ಕು ಸಾವಿರದಲ್ಲಿ ಅರ್ಧಕ್ಕರ್ಧ ನಮಗೆ ಅಲ್ಲೇ ಹೋಗಿತ್ತು.

ಈಗ ದೋಹಾ, ದುಬೈ ಅಥವಾ ಫ್ರಾಂಕ್‌ಫರ್ಟ್ ಮೇಲೆ ಹೋಗುವುದನ್ನು ನೋಡುತ್ತೇವೆ. ನಡುವೆ ಮೂರರಿಂದ ನಾಲ್ಕು ಗಂಟೆ ಬಿಡುವು ಇರಲಿ. ಒಂದೂವರೆ ಗಂಟೆ ಕಾಲು ಗಟ್ಟಿ ಇರುವವರಿಗೆ ಸರಿ.

ದರ ಹೋಲಿಸುವಾಗ

ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ವಿಮಾನದಲ್ಲಿ ಕೆಲವು ಕಂಪನಿಗಳು ಅರವತ್ತು ದಾಟಿದವರಿಗೆ ಈಗಲೂ ಕೊಡುತ್ತವೆ. ಆದರೆ ಅದು ಮೂಲದರದ ಮೇಲೆ ಮಾತ್ರ. ತೆರಿಗೆ, ನಿಲ್ದಾಣದ ಶುಲ್ಕಕ್ಕೆ ಇಲ್ಲ. ಏರ್ ಇಂಡಿಯಾದಲ್ಲಿ ಮೊದಲು ಅರ್ಧ ದರ ಇತ್ತು, 2022ರ ಸೆಪ್ಟೆಂಬರ್‌ನಲ್ಲಿ ಅದನ್ನು ಶೇ 25ಕ್ಕೆ ಇಳಿಸಿದರು. ಎಷ್ಟೋ ಸಲ ಎಲ್ಲರಿಗೂ ಸಿಗುವ ಆಫರ್ ದರವೇ ಹಿರಿಯರ ದರಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ "ಸೀನಿಯರ್ ಸಿಟಿಜನ್" ಅನ್ನುವುದನ್ನು ಒತ್ತಿ ಒಂದು ಸಲ, ಒತ್ತದೆ ಒಂದು ಸಲ, ಎರಡೂ ನೋಡಿ. ಒತ್ತಿ ಕೊಂಡರೆ ವಯಸ್ಸಿನ ದಾಖಲೆ ಕೈಯಲ್ಲಿರಲಿ.

ಹೋಲಿಸುವಾಗ ಒಟ್ಟು ಮೊತ್ತ ಬರೆದುಕೊಳ್ಳಿ. ಟಿಕೆಟ್, ಸೀಟಿನ ಹಣ, ಊಟ, ಪೆಟ್ಟಿಗೆ, ಕೊನೆಗೆ ಸೇರಿಸುವ ಕನ್ವೀನಿಯೆನ್ಸ್ ಶುಲ್ಕ, ಎಲ್ಲ. ರದ್ದು ಮಾಡಿದರೆ ಎಷ್ಟು ಕಳೆಯುತ್ತಾರೆ ಅನ್ನುವುದು ನಮ್ಮ ವಯಸ್ಸಿನಲ್ಲಿ ಮುಖ್ಯ. ದಿನ ಬದಲಾಯಿಸಲು ಬಿಡುವ ದರಕ್ಕೆ ಐನೂರು ಆರುನೂರು ಜಾಸ್ತಿ ಇದ್ದರೆ ಅದನ್ನೇ ತಗೊಳ್ಳಿ.

ದರ ಎಲ್ಲಿ ಬೇಕಾದರೂ ನೋಡಿ. ಕೊಳ್ಳುವುದು ಏರ್‌ಲೈನಿನ ಸ್ವಂತ ಆ್ಯಪ್‌ನಲ್ಲಿ. ಏಜೆಂಟರ ಹತ್ತಿರ ಕೊಂಡರೂ ನಿಮ್ಮ ಮೊಬೈಲ್ ನಂಬರನ್ನೇ ಹಾಕಿಸಿ. ವಿಮಾನದ ಸಮಯ ಬದಲಾದ ಮೆಸೇಜು ಏಜೆಂಟರ ಫೋನಿಗೆ ಹೋದರೆ ನಿಮಗೆ ತಿಳಿಯುವುದು ನಿಲ್ದಾಣದಲ್ಲಿ.

ಹೆಸರು ಒಂದೇ ಇರಲಿ

ನಮ್ಮ ಕಡೆಯ ಹೆಸರುಗಳ ತೊಂದರೆ ನಮಗೇ ಗೊತ್ತು. ಊರಿನದು ಒಂದು ಇನಿಷಿಯಲ್, ಅಪ್ಪನದು ಒಂದು. ಆಧಾರ್‌ನಲ್ಲಿ ಅದು ಹೆಸರಿನ ಹಿಂದೆ, ಪಿಂಚಣಿ ಪುಸ್ತಕದಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಉದ್ದಕ್ಕೆ. ಎಷ್ಟೋ ಹೆಂಗಸರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಕೌಂಟರಿನಲ್ಲಿ ಕೂತಿದ್ದಾಗ ಒಂದು ಅಕ್ಷರದ ವ್ಯತ್ಯಾಸಕ್ಕೆ ಜನ ಮೂರು ಮೂರು ಸಲ ಓಡಾಡಿದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಹೊರದೇಶಕ್ಕೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಟಿಕೆಟ್. ಪಾಯಿಂಟಿನ ಖಾತೆಯೂ ಅದೇ ಹೆಸರಿನಲ್ಲಿ. ಖಾತೆಯ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ತಾಳೆಯಾಗದಿದ್ದರೆ ಪಾಯಿಂಟ್ ಜಮೆ ಆಗುವುದಿಲ್ಲ. ಸರ್‌ನೇಮ್ ಖಾಲಿ ಇದ್ದವರು ದುಬೈಗೆ ವಿಸಿಟ್ ವೀಸಾದಲ್ಲಿ ಹೋಗುವುದಾದರೆ ಮೊದಲೇ ವಿಚಾರಿಸಿ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನವರಿಗೆ ಅಂಥ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ನಿಯಮ ಮಾಡಿತು. ಆಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುತ್ತೇವೆ ಅಂದಿತು.

ಈಗ ಪಾಯಿಂಟಿನ ವಿಷಯ

ಪಾಯಿಂಟ್ ಕೊಡುವ ಸದಸ್ಯತ್ವಕ್ಕೆ ಸೇರುವುದು ಪುಕ್ಕಟೆ. ಏರ್ ಇಂಡಿಯಾದ್ದು ಮಹಾರಾಜ ಕ್ಲಬ್, ಮೊದಲು ಫ್ಲೈಯಿಂಗ್ ರಿಟರ್ನ್ಸ್ ಅಂತ ಇತ್ತು. ಇಂಡಿಗೋ ಬಹಳ ವರ್ಷ ಇಂಥದ್ದೇನೂ ಇಲ್ಲದೆ ನಡೆದು, 2024ರಲ್ಲಿ ಬ್ಲೂಚಿಪ್ ಶುರು ಮಾಡಿತು. ಎಮಿರೇಟ್ಸ್‌ನದು ಸ್ಕೈವಾರ್ಡ್ಸ್, ಸಿಂಗಪುರ ಏರ್‌ಲೈನ್ಸ್‌ನದು ಕ್ರಿಸ್‌ಫ್ಲೈಯರ್. ನೀವು ಹತ್ತುವ ಕಂಪನಿಯದಕ್ಕೆ, ಹತ್ತುವ ಮೊದಲೇ ಸೇರಿ.

ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಇದು. ಟಿಕೆಟ್ ದುಡ್ಡು ಮಗ ಕೊಟ್ಟರೂ, ಹಾರಿದ್ದಕ್ಕೆ ಬರುವ ಪಾಯಿಂಟ್ ಸಾಮಾನ್ಯವಾಗಿ ಸೀಟಿನಲ್ಲಿ ಕೂತವರಿಗೆ ಸೇರುತ್ತದೆ. ಮಗನ ಕ್ರೆಡಿಟ್ ಕಾರ್ಡಿನ ಪಾಯಿಂಟ್ ಮಗನಿಗೆ, ಅದು ಬೇರೆ. ಮಕ್ಕಳು ಅವಸರದಲ್ಲಿ ಟಿಕೆಟ್ ಕೊಂಡು ವಾಟ್ಸಾಪ್ ಮಾಡುತ್ತಾರೆ. ಅಪ್ಪ ಅಮ್ಮನ ಸದಸ್ಯತ್ವದ ನಂಬರ್ ಹಾಕುವ ಜಾಗ ಖಾಲಿ ಬಿಟ್ಟಿರುತ್ತಾರೆ. ಚಿಕಾಗೋಗೆ ಹೋಗಿಬಂದ ಮೂರು ಪ್ರಯಾಣ ನಮಗೆ ಹೀಗೇ ಖಾಲಿ ಹೋಯಿತು. ಈಗ ಒಂದು ಸಣ್ಣ ಕಾರ್ಡಿನ ಮೇಲೆ ಇಬ್ಬರ ನಂಬರೂ ಬರೆದು ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟಿದ್ದೇನೆ. ಅದರ ಫೋಟೋ ಮಗಳ ಫೋನಿನಲ್ಲೂ ಇದೆ.

ಇದರ ಬೆಲೆ ಎಷ್ಟು? ಒಂದು ಲೆಕ್ಕ ಹಾಕೋಣ. ಟಿಕೆಟ್ 7,000 ರೂಪಾಯಿ, ಅದರಲ್ಲಿ ತೆರಿಗೆ ಮತ್ತು ನಿಲ್ದಾಣದ ಶುಲ್ಕ 1,200 ಅಂದುಕೊಳ್ಳಿ. ಪಾಯಿಂಟ್ ಸಿಗುವುದು ಉಳಿದ 5,800ಕ್ಕೆ. ನೂರು ರೂಪಾಯಿಗೆ 6 ಪಾಯಿಂಟ್ ಅಂದರೆ 348. ಇನ್ನು ಬಳಸುವಾಗ ನೋಡಿ. ದುಡ್ಡು ಕೊಟ್ಟರೆ 6,000 ಆಗುವ ಟಿಕೆಟ್‌ಗೆ 10,000 ಪಾಯಿಂಟ್ ಜೊತೆಗೆ 1,200 ರೂಪಾಯಿ ತೆರಿಗೆ ಕೇಳಿದರು ಅನ್ನಿ. ಉಳಿದದ್ದು 4,800 ರೂಪಾಯಿ. ಹತ್ತು ಸಾವಿರದಿಂದ ಭಾಗಿಸಿದರೆ ಒಂದು ಪಾಯಿಂಟಿಗೆ 48 ಪೈಸೆ. ಹಾಗಾದರೆ ನಿಮ್ಮ 348 ಪಾಯಿಂಟಿನ ಬೆಲೆ 167 ರೂಪಾಯಿ. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನೇ ಇಟ್ಟುಕೊಂಡವು. ನಿಮ್ಮ ಟಿಕೆಟ್ಟಿನ ಅಂಕಿ ಹಾಕಿ ಇದೇ ರೀತಿ ಮಾಡಿ. ಎರಡು ವಿಮಾನದ ದರದಲ್ಲಿ ಎಂಟುನೂರು ವ್ಯತ್ಯಾಸ ಇದ್ದಾಗ ನೂರರವತ್ತಕ್ಕೆ ಆಸೆಪಡಬೇಕೋ ಬೇಡವೋ ಆಗ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಏರ್ ಇಂಡಿಯಾ 2024ರ ಏಪ್ರಿಲ್‌ನಿಂದ ಎಷ್ಟು ದೂರ ಹಾರಿದಿರಿ ಅನ್ನುವುದನ್ನು ಬಿಟ್ಟು ಎಷ್ಟು ದುಡ್ಡು ಕೊಟ್ಟಿರಿ ಅನ್ನುವುದರ ಮೇಲೆ ಪಾಯಿಂಟ್ ಕೊಡುತ್ತಿದೆ. ಅಗ್ಗದ ಟಿಕೆಟ್ ಹುಡುಕುವ ನಮ್ಮಂಥವರಿಗೆ ಹೀಗಾದಾಗ ಪಾಯಿಂಟೂ ಕಡಿಮೆಯೇ.

ಪಾಯಿಂಟನ್ನು ಅಂಚೆ ಕಚೇರಿಯ ಎನ್‌ಎಸ್‌ಸಿ ಉಳಿತಾಯ ಪತ್ರದ ಥರ ಕಾಪಾಡಿಕೊಂಡು ಕೂರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎನ್‌ಎಸ್‌ಸಿಗೆ ಬಡ್ಡಿ ಇದೆ, ಸರ್ಕಾರದ ಭರವಸೆ ಇದೆ, ನಾಮಿನಿ ಇದ್ದಾರೆ. ಪಾಯಿಂಟಿಗೆ ಬಡ್ಡಿ ಇಲ್ಲ. ಇವತ್ತು ಹತ್ತು ಸಾವಿರಕ್ಕೆ ಸಿಗುವ ಟಿಕೆಟ್‌ಗೆ ನಾಳೆ ಹದಿಮೂರು ಸಾವಿರ ಕೇಳಬಹುದು, ಕೇಳುವ ಹಕ್ಕು ಅವರಿಗಿದೆ. ಅವಧಿ ಮುಗಿದರೆ ಹೋಯಿತು. ಕ್ರಿಸ್‌ಫ್ಲೈಯರ್ ಮೈಲು (ಅವರು ಪಾಯಿಂಟಿಗೆ ಹೇಳುವ ಹೆಸರು) ಮೂರು ವರ್ಷ ಇರುತ್ತದೆ. ಅಮೆರಿಕದ ಯುನೈಟೆಡ್, ಡೆಲ್ಟಾ ಕಂಪನಿಗಳದ್ದಕ್ಕೆ ಅವಧಿ ಇಲ್ಲ. ಸದಸ್ಯರು ತೀರಿಕೊಂಡರೆ ಖಾತೆ ಮುಚ್ಚುವ ನಿಯಮ ಇಟ್ಟುಕೊಂಡವರೂ ಇದ್ದಾರೆ. ಹೇಳಲು ಕಷ್ಟದ ಮಾತು, ಆದರೆ ನಮ್ಮ ವಯಸ್ಸಿನಲ್ಲಿ ಕೇಳಿಕೊಳ್ಳಬೇಕಾದ್ದೇ.

ಕಂಪನಿಯೇ ನಿಂತುಹೋಗುವುದೂ ಉಂಟು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ಹಾರಾಟ ನಿಲ್ಲಿಸಿದವು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅದರ ಪಾಯಿಂಟು ಏರ್ ಇಂಡಿಯಾ ಖಾತೆಗೆ ಬಂತು, ಅದು ಅದೃಷ್ಟ.

ಹಾಗಾದರೆ ಯಾವಾಗ ಬಳಸುವುದು? ಸಾವು, ಆಸ್ಪತ್ರೆ ಅಂತ ನಾಳೆಯೇ ಹೊರಡಬೇಕಾದಾಗ ಟಿಕೆಟ್ ದರ ಎರಡು ಮೂರು ಪಟ್ಟು ಆಗಿರುತ್ತದೆ. ಆಗ ಪಾಯಿಂಟಿಗೆ ಸೀಟು ಸಿಕ್ಕರೆ ಅದೇ 48 ಪೈಸೆ ಒಂದು ರೂಪಾಯಿ ಮೀರಬಹುದು. ಹಾಗಂತ ಐದು ವರ್ಷ ಕಾಯಬೇಡಿ. ಒಂದು ಕಡೆಯ ಟಿಕೆಟ್‌ಗಾಗುವಷ್ಟು ಸೇರಿದಾಗ ಬಳಸಿಬಿಡಿ. ಅದರಲ್ಲಿ ಮಿಕ್ಸಿ, ಗಿಫ್ಟ್ ವೋಚರ್ ಕೊಳ್ಳಬೇಡಿ, ಬೆಲೆ ತೀರಾ ಕಡಿಮೆ ಸಿಗುತ್ತದೆ.

ಗಂಡ ಹೆಂಡತಿ ಇಬ್ಬರದೂ ಚೂರು ಚೂರು ಇದ್ದರೆ ಒಂದೇ ಕಡೆ ಸೇರಿಸುವ ಏರ್ಪಾಡು ಇದೆಯೇ ನೋಡಿ. ಎಮಿರೇಟ್ಸ್‌ನಲ್ಲಿ ಮೈ ಫ್ಯಾಮಿಲಿ ಅಂತ ಇದೆ, ಮಕ್ಕಳದೂ ಸೇರಿಸಬಹುದು. ಒಂದು ಗುಂಪಿನ ಕಂಪನಿಗಳ ನಡುವೆ ಒಂದೇ ಖಾತೆಯೂ ನಡೆಯುತ್ತದೆ. ಏರ್ ಇಂಡಿಯಾ, ಲುಫ್ತಾನ್ಸಾ, ಸಿಂಗಪುರ, ಯುನೈಟೆಡ್ ನಾಲ್ಕೂ ಸ್ಟಾರ್ ಅಲಯನ್ಸ್‌ನವು. ಯಾವುದರಲ್ಲಿ ಹೋದರೂ ನಂಬರ್ ಒಂದೇ ಕೊಡಿ. ಎಲ್ಲ ಅಗ್ಗದ ದರಕ್ಕೂ ಪಾಯಿಂಟ್ ಬರುವುದಿಲ್ಲ ಅನ್ನುವುದು ನೆನಪಿರಲಿ.

"ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಲಿಂಕ್ ಒತ್ತಿ" ಅಂತ ಮೆಸೇಜು ಬಂದರೆ ಒತ್ತಬೇಡಿ. ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿದೆ ಅನಿಸಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಏರ್‌ಲೈನ್ ಹೆಸರಿನ ಕ್ರೆಡಿಟ್ ಕಾರ್ಡು

ವರ್ಷದ ಶುಲ್ಕ ಎಷ್ಟು, ಜಿಎಸ್‌ಟಿ ಎಷ್ಟು, ನಿಮಗೆ ವಾಪಸ್ ಬರುವುದು ಎಷ್ಟು, ಕಳೆದು ನೋಡಿ. ಪಿಂಚಣಿಯ ಮೇಲೆ ಸಂಸಾರ ನಡೆಸುವವರಿಗೆ ಶುಲ್ಕದ ಕಾರ್ಡು ಗಿಟ್ಟುವುದು ಅಪರೂಪ. ಲೌಂಜ್ ಪುಕ್ಕಟೆ ಅನ್ನುತ್ತಾರೆ, ಆದರೆ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅನ್ನುವ ಷರತ್ತು ಈಗ ಬಹಳ ಕಾರ್ಡುಗಳಲ್ಲಿದೆ. ಪೂರ್ತಿ ಬಿಲ್ಲು ಕಟ್ಟದಿದ್ದರೆ ಬಡ್ಡಿ ತಿಂಗಳಿಗೆ ಶೇ 3ರ ಮೇಲೆ. ಬೇಕೇ ಬೇಕು ಅಂದರೆ ಎಫ್‌ಡಿ ಇಟ್ಟು ತಗೊಳ್ಳುವ ಶುಲ್ಕವಿಲ್ಲದ ಕಾರ್ಡು ಸಾಕು.

ಟಿಕೆಟ್ ಆದ ಮೇಲೆ

ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಹೊರಡುವ 48 ಗಂಟೆ ಮುಂಚೆಯೇ ಹೇಳಿ. ಅದರಲ್ಲಿ ಮೂರು ಬಗೆ. ದೂರ ನಡೆಯಲಾಗದು, ಆದರೆ ಮೆಟ್ಟಿಲು ಹತ್ತಬಲ್ಲೆ ಅನ್ನುವುದು ಒಂದು. ಮೆಟ್ಟಿಲೂ ಆಗದು ಅನ್ನುವುದು ಇನ್ನೊಂದು. ಸೀಟಿನವರೆಗೂ ಕರೆದೊಯ್ಯಬೇಕು ಅನ್ನುವುದು ಮೂರನೆಯದು. ಸರಿಯಾದದ್ದನ್ನು ಹೇಳಿ. ಹುಬ್ಬಳ್ಳಿಯಂಥ ಊರಿಗೆ ಹೋಗುವ ಎಟಿಆರ್ ಸಣ್ಣ ವಿಮಾನಗಳಿಗೆ ಏರೋಬ್ರಿಜ್ (ನಿಲ್ದಾಣದಿಂದ ನೇರ ವಿಮಾನದ ಬಾಗಿಲಿಗೆ ನಡೆಯುವ ಓಣಿ) ಇರುವುದಿಲ್ಲ, ನೆಲದಿಂದಲೇ ಹತ್ತಬೇಕು. ಮಂಡಿ ನೋವಿದ್ದವರು ವಿಮಾನ ಯಾವುದು ಅಂತ ಟಿಕೆಟ್ ಕೊಳ್ಳುವಾಗಲೇ ನೋಡಿ.

ಸೀಟು ಓಡಾಡುವ ದಾರಿಯ ಪಕ್ಕದ್ದು ಇರಲಿ. ಶೌಚಾಲಯಕ್ಕೆ ಏಳಲು, ಗಂಟೆಗೊಮ್ಮೆ ಕಾಲಾಡಿಸಲು ಅದೇ ಅನುಕೂಲ. ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ ಎಲ್ಲವೂ ಕೈಬ್ಯಾಗಿನಲ್ಲೇ.

ಹೊರದೇಶದ ವಿಮಾನದಲ್ಲಿ ಊಟವನ್ನು ಕನಿಷ್ಠ 24 ಗಂಟೆ ಮುಂಚೆ ಹೇಳಬೇಕು. ಇಲ್ಲಿ ಒಂದು ಎಚ್ಚರ. ಪಟ್ಟಿಯಲ್ಲಿ "ಹಿಂದೂ ಮೀಲ್" ಅಂತ ಇದ್ದರೆ ಅದು ಸಾಮಾನ್ಯವಾಗಿ ಮಾಂಸದ ಊಟ. ಸಸ್ಯಾಹಾರಿಗಳು "ಏಷ್ಯನ್ ವೆಜಿಟೇರಿಯನ್" ಆರಿಸಬೇಕು. ಈರುಳ್ಳಿ ಬೆಳ್ಳುಳ್ಳಿ ಬೇಡದವರು "ಜೈನ್".

ಮತ್ತೆ ನಮ್ಮ ಜಿಲ್ಲೆಯವರಿಗೆಂದೇ ಒಂದು ಮಾತು. ತಿಪಟೂರಿನ ಕೊಬ್ಬರಿ ಪೆಟ್ಟಿಗೆಗೆ ಹಾಕಬೇಡಿ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಅದನ್ನು ಅಪಾಯದ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ನನಗೆ ಗೊತ್ತಿರಲಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹನ್ನೆರಡು ಗಿಟುಕನ್ನು ಪೆಟ್ಟಿಗೆ ಬಿಚ್ಚಿಸಿ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಈಗ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗುತ್ತೇನೆ.

ವಿಮಾನ ತಡವಾದರೆ, ರದ್ದಾದರೆ

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದಲ್ಲಿ ಸಾವಿರಾರು ವಿಮಾನ ರದ್ದಾಗಿದ್ದು ನೆನಪಿರಬೇಕು. ಮದುವೆ, ವೀಸಾ ಸಂದರ್ಶನ ಅಂತ ತಪ್ಪಿಸಲಾಗದ ಕೆಲಸ ಇದ್ದರೆ ಒಂದು ದಿನ ಮುಂಚೆ ಹೋಗಿ.

ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಲ್ಲಿ ನಮಗೆ ಸಲ್ಲಬೇಕಾದದ್ದು ಇದೆ. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಜಾಸ್ತಿ ತಡ ಅಂದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ನಿಮ್ಮದು. ರಾತ್ರಿ ಎಂಟರಿಂದ ಮೂರರೊಳಗೆ ಹೊರಡಬೇಕಾದ ವಿಮಾನ ಆರು ಗಂಟೆ ಮೀರಿ ತಡವಾದರೆ ಹೋಟೆಲ್ ಕೊಡಬೇಕು. ಸೀಟು ಮೀರಿ ಟಿಕೆಟ್ ಮಾರಿ ನಿಮ್ಮನ್ನು ಹತ್ತಿಸಿಕೊಳ್ಳದೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನವನ್ನೂ ಕೊಡದಿದ್ದರೆ ಪರಿಹಾರ ಇದೆ. ಕೌಂಟರಿನಲ್ಲಿ ದನಿ ಏರಿಸಬೇಕಾಗಿಲ್ಲ. "ಬರೆದುಕೊಡಿ" ಅಂತ ಕೇಳಿ. ಆಗಲಿಲ್ಲ ಅಂದರೆ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ.

ಮನೆಗೆ ಬಂದ ಮೇಲೆ

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಒಂದು ವಾರ ಬಿಟ್ಟು ಖಾತೆ ತೆರೆದು ಪಾಯಿಂಟ್ ಜಮೆ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಟಿಕೆಟ್ ನಂಬರು, ಬೋರ್ಡಿಂಗ್ ಪಾಸಿನ ಫೋಟೋ ಹಾಕಿ ಕೇಳಬೇಕು. ಇದಕ್ಕೆ ಇಷ್ಟು ತಿಂಗಳೊಳಗೆ ಅಂತ ಗಡುವು ಇರುತ್ತದೆ. ಹೋದ ಸಲ ಯಜಮಾನರದು ಬಂದು ನನ್ನದು ಬಂದಿರಲಿಲ್ಲ. ನೋಡಿದರೆ ಖಾತೆಯಲ್ಲಿ ನನ್ನ ಇನಿಷಿಯಲ್ ಹಿಂದುಮುಂದಾಗಿತ್ತು. ಪಾಸ್‌ಪೋರ್ಟಿನ ಪ್ರತಿ ಕಳಿಸಿದೆ. ಹೆಸರು ತಿದ್ದಿದರು, ಆಮೇಲೆ ಪಾಯಿಂಟೂ ಬಂತು.